ಅಡೋಬೋ ಊಟ: ವಿನೆಗರ್ ಯಾವಾಗ, ಮುಚ್ಚಳ ಯಾವಾಗ

ಫಿಲಿಪೀನ್ಸ್ ಅಡುಗೆ ಕಲಿಯಲು ಹೊರಟವರಿಗೆ ಮೊದಲು ಸಿಗುವುದು ಅಡೋಬೋ. ಮಾಂಸ, ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಲಾರೆಲ್ ಎಲೆ (ಬೇ ಲೀಫ್). ಇಷ್ಟನ್ನೂ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯಿಸುವುದು. ಸಾಮಾನು ಕಡಿಮೆ ಇರುವುದರಿಂದ ಎಲ್ಲರೂ ಅಳತೆಯ ಹಿಂದೆ ಬೀಳುತ್ತಾರೆ. ನನ್ನ ಪ್ರಕಾರ ಇಲ್ಲಿ ಅಳತೆಗಿಂತ ಕ್ರಮ ಮುಖ್ಯ.

ಅಳತೆಯ ವಿಷಯದಲ್ಲಿ ಅಲ್ಲಿಯವರಿಗೇ ಒಮ್ಮತ ಇಲ್ಲ. 2021ರಲ್ಲಿ ಅಲ್ಲಿನ ವಾಣಿಜ್ಯ ಮತ್ತು ಕೈಗಾರಿಕೆ ಇಲಾಖೆ ಅಡೋಬೋಗೆ ಒಂದು ಮಾನದಂಡ ತರುವ ಮಾತೆತ್ತಿದಾಗ ಜನ ಗದ್ದಲ ಎಬ್ಬಿಸಿದರು. ಇದು ಯಾರ ಮನೆಗೂ ಕಡ್ಡಾಯವಲ್ಲ ಎಂದು ಇಲಾಖೆ ಸಮಜಾಯಿಷಿ ಕೊಡಬೇಕಾಯಿತು. ಬಟಾಂಗಾಸ್ ಕಡೆ ಅರಿಶಿನ ಹಾಕುತ್ತಾರೆ, ಬಿಕೋಲ್ ಕಡೆ ಕಾಯಿಹಾಲು. 'ಅಡೋಬೋಂಗ್ ಪುತಿ'ಗೆ ಸೋಯಾ ಸಾಸೇ ಇಲ್ಲ, ಬರೀ ಉಪ್ಪು. ಹಳೆಯ ಬಗೆ ಇದೇ. ಸ್ಪೇನಿನವರು ಬರುವ ಮೊದಲೇ ಅಲ್ಲಿ ವಿನೆಗರ್, ಉಪ್ಪು ಹಾಕಿ ಮಾಂಸ ಬೇಯಿಸುತ್ತಿದ್ದರು. ಸೆಕೆಯ ನಾಡಲ್ಲಿ ಮಾಂಸ ಬೇಗ ಕೆಡಬಾರದಲ್ವಾ? ಸೋಯಾ ಸಾಸ್ ಬಂದದ್ದು ಚೀನೀ ವ್ಯಾಪಾರಿಗಳ ಮೂಲಕ.

ವಿನೆಗರ್

ಅಲ್ಲಿ ಕಬ್ಬಿನ ವಿನೆಗರ್, ತೆಂಗಿನ ಕಳ್ಳಿನ ವಿನೆಗರ್, ನೀಪಾ ತಾಳೆಯ ವಿನೆಗರ್ ಎಲ್ಲವೂ ಬಳಕೆಯಲ್ಲಿವೆ. ಮಂಗಳೂರು, ಗೋವಾ ಕಡೆ ಕಳ್ಳಿನ ವಿನೆಗರ್ ಸಿಕ್ಕರೆ ಅದನ್ನೇ ಹಾಕಿ, ಅಡೋಬೋಗೆ ಚೆನ್ನಾಗಿ ಹೊಂದುತ್ತದೆ. ಅಂಗಡಿಯ 'ಸಿಂಥೆಟಿಕ್' ವಿನೆಗರ್ ಅಂದರೆ ನೀರು ಬೆರೆಸಿದ ಅಸಿಟಿಕ್ ಆಮ್ಲ. ಹುಳಿ ಇರುತ್ತದೆ, ರುಚಿ ಇರುವುದಿಲ್ಲ. ಅದೇ ಗತಿ ಎಂದಾದರೆ ಕಾಲು ಭಾಗ ಕಡಿಮೆ ಹಾಕಿ.

ವಿನೆಗರ್ ಹಾಕಿ ಕುದಿಯುವ ತನಕ ಸೌಟು ಆಡಿಸಬಾರದು ಎಂಬುದು ಅಲ್ಲಿನ ಮನೆಗಳ ಹಳೆಯ ನಿಯಮ. ಕಲಕಿದರೆ ಹಸಿ ವಾಸನೆ ಉಳಿಯುತ್ತದೆ ಅನ್ನುತ್ತಾರೆ. ನನಗೆ ಅನುಮಾನ ಇರುವುದು ಸೌಟಿನ ಮೇಲಲ್ಲ, ಮುಚ್ಚಳದ ಮೇಲೆ. ಮುಚ್ಚಳ ತೆಗೆದಿಟ್ಟರೆ ಘಾಟು ಆವಿಯ ಜೊತೆ ಹೊರಗೆ ಹೋಗುತ್ತದೆ. ಮುಚ್ಚಿದರೆ ಅದೇ ಆವಿ ನೀರಾಗಿ ಮತ್ತೆ ಪಾತ್ರೆಗೇ ಇಳಿಯುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಮುಚ್ಚಳ ಬೇಡ, ಆಮೇಲೆ ಮುಚ್ಚಿ.

ಕೊಡಗಿನ ಪಂದಿ ಕರಿ ಗೊತ್ತಿದ್ದವರು ಇಲ್ಲಿ ಸ್ವಲ್ಪ ಎಚ್ಚರ. ಅಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ಕೊನೆಯಲ್ಲಿ ಬೀಳುತ್ತದೆ. ಇಲ್ಲಿ ಹುಳಿ ಮೊದಲೇ ಬಿದ್ದು, ಮಾಂಸದ ಜೊತೆಗೇ ಬೆಂದು ಮೆತ್ತಗಾಗಬೇಕು.

ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆ ಒಳ್ಳೆಯದು.

ಮಾಂಸ

ಒಂದು ಕೆಜಿ ಹಂದಿಮಾಂಸಕ್ಕೆ ಅರ್ಧ ಕಪ್ ವಿನೆಗರ್, ಅದಕ್ಕಿಂತ ಸ್ವಲ್ಪ ಕಡಿಮೆ ಸೋಯಾ ಸಾಸ್, ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸು, 3 ಲಾರೆಲ್ ಎಲೆ, ಒಂದು ಕಪ್ ನೀರು. ಕಾಳುಮೆಣಸು ಇಡಿಯಾಗಿಯೇ ಇರಲಿ. ನಮ್ಮ ಪಲಾವ್ ಎಲೆ ಬೇರೆ ಗಿಡದ್ದು, ಚಕ್ಕೆಯ ಪರಿಮಳ ಬರುತ್ತದೆ. ಲಾರೆಲ್ ಸಿಗದಿದ್ದರೆ ಪಲಾವ್ ಎಲೆ ಒಂದೇ ಹಾಕಿ ಸುಮ್ಮನಾಗಿ. ಸೋಯಾ ಸಾಸ್‌ನಲ್ಲಿ 'ಡಾರ್ಕ್' ಎಂದು ಬರೆದದ್ದನ್ನೇ ಪೂರ್ತಿ ಸುರಿದರೆ ಸಾರು ಕಪ್ಪಗಾಗುತ್ತದೆ. 'ಲೈಟ್' ಇದ್ದರೆ ಸಾಕು. ಪ್ರತ್ಯೇಕ ಉಪ್ಪು ಬೇಡ.

ಹೊಟ್ಟೆ ಭಾಗದ ಮಾಂಸ ತನ್ನಿ, ಕೊಬ್ಬೂ ಚರ್ಮವೂ ಇರಲಿ. ಚರ್ಮ, ನರಗಳಲ್ಲಿರುವ ಕೊಲಾಜೆನ್ ನಿಧಾನಕ್ಕೆ ಕರಗಿ ಜೆಲಾಟಿನ್ ಆಗುತ್ತದೆ. ಸಾರು ತುಟಿಗೆ ಅಂಟುವ ಹಾಗೆ ಆಗುವುದು ಇದರಿಂದಲೇ. ಉರಿ ಜೋರು ಮಾಡಿದರೆ ಮಾಂಸ ಬಿಗಿಯುತ್ತದೆ, ಅದಕ್ಕೇ ಒಂದೂಕಾಲು ಗಂಟೆ ಬೇಕು. ಕೋಳಿ ಆದರೆ ಲೆಗ್ ಪೀಸ್‌ಗೆ 40 ನಿಮಿಷ ಸಾಕು. ಎರಡನ್ನೂ ಸೇರಿಸಿ ಮಾಡುವ ಮನೆಗಳೂ ಇವೆ. ಆಗ ಕೋಳಿಯನ್ನು ಕೊನೆಯ 40 ನಿಮಿಷ ಇರುವಾಗ ಸೇರಿಸಬೇಕು.

ಮಾಂಸ ಮೊದಲು ಹುರಿಯಬೇಕೋ, ಆಮೇಲೋ? ಎರಡೂ ಪದ್ಧತಿ ಇವೆ. ನಾನು ಆಮೇಲೆ ಎನ್ನುವ ಪಕ್ಷ. ಹಸಿ ಮಾಂಸ ನೀರು ಬಿಡುತ್ತದೆ, ಬೇಗ ಕೆಂಪಗಾಗುವುದಿಲ್ಲ. ಬೆಂದ ಮೇಲೆ ತುಂಡುಗಳನ್ನು ಎತ್ತಿಟ್ಟು, ಮೇಲೆ ತೇಲುವ ಕೊಬ್ಬನ್ನು ಬಾಣಲೆಗೆ ತೆಗೆದು, ಅದರಲ್ಲೇ ಹುರಿಯಿರಿ. ಅಷ್ಟರಲ್ಲಿ ಮುಚ್ಚಳ ತೆಗೆದು ಕುದಿಯಲು ಬಿಟ್ಟ ಸಾರು ಅರ್ಧಕ್ಕೆ ಇಳಿದಿರುತ್ತದೆ. ಮತ್ತೆ ಎರಡನ್ನೂ ಸೇರಿಸಿ. ಕುಕ್ಕರ್‌ನಲ್ಲಿ ಮಾಡಬಹುದಾ ಎಂದರೆ, ಸ್ಟೀಲ್ ಕುಕ್ಕರ್ ಆದರೆ ಮಾಡಬಹುದು. ಆದರೆ ಮೊದಲು ತೆರೆದು ಕುದಿಸಿ, ಕೊನೆಗೂ ತೆರೆದು ಇಂಗಿಸಬೇಕು. ಉಳಿಯುವ ಸಮಯ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಜೊತೆಗೆ ತರಕಾರಿ

ಅಡೋಬೋ ಹುಳಿ, ಉಪ್ಪು, ಕೊಬ್ಬು ಮೂರರಲ್ಲೂ ಮುಂದು. ಕಾಂಗ್‌ಕಾಂಗ್ ಎಂಬ ನೀರಿನ ಸೊಪ್ಪನ್ನೂ ಇದೇ ವಿನೆಗರ್, ಸೋಯಾ ಹಾಕಿ ಮಾಡುವ ರೂಢಿ ಇದೆ, ರುಚಿಯೂ ಹೌದು. ಆದರೆ ಎರಡೂ ಒಂದೇ ತಟ್ಟೆಗೆ ಬಂದರೆ ಹೇಳಿದ್ದನ್ನೇ ಹೇಳಿದ ಹಾಗಾಗುತ್ತದೆ.

ನನ್ನ ಆಯ್ಕೆ, ಕಾಯಿಹಾಲಿನಲ್ಲಿ ಸಿಹಿ ಕುಂಬಳಕಾಯಿ ಮತ್ತು ಉದ್ದ ಅಲಸಂದೆ. ಅವರು ಇದನ್ನು 'ಗಿನಾತಾಂಗ್ ಕಲಬಾಸಾ' ಅನ್ನುತ್ತಾರೆ. ಕರಾವಳಿಯ ಮೀಟರ್ ಅಲಸಂದೆ ಸಿಕ್ಕರೆ ಅದೇ ಸರಿ. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ತೆಳು ಹಾಲಿನಲ್ಲಿ ಕುಂಬಳ ಅರ್ಧ ಬೇಯಿಸಿ, ಅಲಸಂದೆ ಹಾಕಿ, ಕೊನೆಗೆ ದಪ್ಪ ಹಾಲು. ಜೋರಾಗಿ ಕುದಿಸಿದರೆ ಹಾಲು ಒಡೆಯುತ್ತದೆ. ಅವರು ಇದಕ್ಕೆ ಸೀಗಡಿ ಅಥವಾ 'ಬಾಗೊಓಂಗ್' ಎಂಬ ಹುದುಗಿಸಿದ ಸೀಗಡಿ ಪೇಸ್ಟ್ ಸೇರಿಸುತ್ತಾರೆ. ಅಡೋಬೋ ಪಕ್ಕದಲ್ಲಿ ಇರುವುದರಿಂದ ನಾನು ಬರೀ ಚಿಟಿಕೆ ಉಪ್ಪು ಹಾಕುತ್ತೇನೆ.

ಎರಡನೆಯದು ಸುಟ್ಟ ಬದನೆ. ಉದ್ದ ಬದನೆಯನ್ನು ಉರಿಯ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಟೊಮೆಟೊ, ಈರುಳ್ಳಿ ಹೆಚ್ಚಿ ಹಾಕುವುದು. ಅಲ್ಲಿ ವಿನೆಗರ್ ಅಥವಾ ಕಲಮಾನ್ಸಿ ನಿಂಬೆ ಹಿಂಡುತ್ತಾರೆ. ಈ ಊಟದಲ್ಲಿ ಟೊಮೆಟೊ ಹುಳಿಯೇ ಸಾಕು.

ಅನ್ನ ಉಪ್ಪಿಲ್ಲದೆ, ಸ್ವಲ್ಪ ಜಾಸ್ತಿಯೇ ಮಾಡಿ. ಉಳಿದದ್ದನ್ನು ಫ್ರಿಜ್‌ನಲ್ಲಿಡಿ. ಮರುದಿನ ಅಡೋಬೋ ಮೇಲೆ ಕೊಬ್ಬು ಗಟ್ಟಿಯಾಗಿ ನಿಂತಿರುತ್ತದೆ. ಅದನ್ನೇ ಒಂದು ಚಮಚ ತೆಗೆದು, ಬೆಳ್ಳುಳ್ಳಿ ಕೆಂಪಗೆ ಹುರಿದು, ತಣ್ಣನೆಯ ಅನ್ನ ಹಾಕಿದರೆ 'ಸಿನಾಂಗಾಗ್' ಆಯಿತು. ಮೇಲೊಂದು ಮೊಟ್ಟೆ ಒಡೆದು ಹಾಕಿಕೊಂಡರೆ ಬೆಳಗಿನ ತಿಂಡಿ.