ಗಾಯಕ ನಾಲ್ಕನೆಯವ, ಹೆಸರು ಮಾತ್ರ ಅವನಿಗೇ ಏಕೆ?

ಓದುಗರ ಪ್ರಶ್ನೆ: ಅಮೆರಿಕದ ಪಂಕ್ ರಾಕ್ ಬ್ಯಾಂಡ್ ‘ಬ್ಲ್ಯಾಕ್ ಫ್ಲ್ಯಾಗ್’ಗೆ ಹೆನ್ರಿ ರೋಲಿನ್ಸ್ ಗಾಯಕರಾಗಿ ಬಂದದ್ದು 1981ರಲ್ಲಿ. ‘ಡ್ಯಾಮೇಜ್ಡ್’ ಆಲ್ಬಂನ ಹಲವು ಹಾಡುಗಳು ಅವರು ಬರುವ ಮೊದಲೇ ಇದ್ದವು. ಹೀಗಿದ್ದೂ ಬ್ಯಾಂಡಿನ ಹೆಸರೆತ್ತಿದರೆ ಎಲ್ಲರೂ ಅವರನ್ನೇ ನೆನೆಯುವುದೇಕೆ?

ಉತ್ತರ: ಬಹುಮಟ್ಟಿಗೆ, ಬ್ಯಾಂಡಿನ ಮೊದಲ ಪೂರ್ಣ ಆಲ್ಬಂ ‘ಡ್ಯಾಮೇಜ್ಡ್’ ತಯಾರಾಗುವ ಹೊತ್ತಿಗೆ ಮೈಕಿನ ಮುಂದೆ ಇದ್ದವರು ಅವರು ಎಂಬ ಕಾರಣಕ್ಕೆ. ಅವರಿಗಿಂತ ಹಿಂದಿನ ಮೂವರು ಗಾಯಕರು ಕಳಪೆಯೇನಲ್ಲ. ಮೊದಲನೆಯವರಾದ ಕೀತ್ ಮಾರಿಸ್ ಅವರ ಧ್ವನಿಯೇ ನನಗೆ ಇಂದಿಗೂ ಹೆಚ್ಚು ಇಷ್ಟ. ಆದರೆ ಮಾರಿಸ್, ರಾನ್ ರೇಯಸ್, ಡೆಜ್ ಕಡೇನಾ ಈ ಮೂವರಿಗೂ ಆ ಕಾಲದಲ್ಲಿ ದಕ್ಕಿದ್ದು ಕೆಲವೇ ಹಾಡುಗಳ ಕಿರು ಗ್ರಾಮಫೋನ್ ತಟ್ಟೆಗಳು. ರೇಯಸ್ ಅಂತೂ 1980ರಲ್ಲಿ ಕಛೇರಿಯ ನಡುವೆಯೇ ವೇದಿಕೆ ಬಿಟ್ಟು ನಡೆದವರು.

ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್‌ನಲ್ಲಿ ಈ ಬ್ಯಾಂಡನ್ನು ಕಟ್ಟಿದವರು ಗಿಟಾರ್ ವಾದಕ ಗ್ರೆಗ್ ಗಿನ್. ಹೆಚ್ಚಿನ ಹಾಡುಗಳು ಅವರವೇ, ತಟ್ಟೆ ಹೊರತರುವ ಎಸ್‌ಎಸ್‌ಟಿ ಸಂಸ್ಥೆಯೂ ಅವರದೇ. ಗಾಯಕ ಹೋದರೆ ಹಾಡು ಹೋಗುತ್ತಿರಲಿಲ್ಲ. ಬಂದವರು ಇದ್ದ ಹಾಡನ್ನೇ ತಮ್ಮ ಗಂಟಲಿಗೆ ಒಗ್ಗಿಸಿಕೊಳ್ಳಬೇಕಿತ್ತು.

ರೋಲಿನ್ಸ್ ವಾಷಿಂಗ್ಟನ್ ಡಿ.ಸಿ.ಯ ಹುಡುಗ. ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಸಣ್ಣದೊಂದು ಬ್ಯಾಂಡಿನಲ್ಲಿ ಹಾಡುತ್ತಿದ್ದರು. ನ್ಯೂಯಾರ್ಕಿನ ಕಾರ್ಯಕ್ರಮವೊಂದರಲ್ಲಿ ಪ್ರೇಕ್ಷಕರ ನಡುವಿನಿಂದ ವೇದಿಕೆಗೆ ಹಾರಿ ಒಂದು ಹಾಡು ಹಾಡಿದರು. ಆಗ ಗಾಯಕರಾಗಿದ್ದ ಕಡೇನಾ ಅವರಿಗೆ ಕೂಗಿ ಕೂಗಿ ಗಂಟಲು ಸೋತಿತ್ತು, ಗಿಟಾರ್ ಹಿಡಿಯುವ ಆಸೆಯೂ ಇತ್ತು. ರೋಲಿನ್ಸ್ ಅವರನ್ನು ಕರೆಸಿ ಪರೀಕ್ಷಿಸಿ ಸೇರಿಸಿಕೊಂಡರು. ಅವರಿಗೆ ಆಗ 20 ವರ್ಷ.

ಕಡೇನಾ ಬ್ಯಾಂಡ್ ಬಿಡಲಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಗಾಯಕನ ಜಾಗ ತೆರವು ಮಾಡಿ ಎರಡನೇ ಗಿಟಾರಿಗೆ ಸರಿದರು. ‘ಡ್ಯಾಮೇಜ್ಡ್’ ಹಿಂದಿನ ತಟ್ಟೆಗಳಿಗಿಂತ ದಟ್ಟವಾಗಿ ಕೇಳಿಸುವುದರಲ್ಲಿ ಹೊಸ ಗಂಟಲಿನಷ್ಟೇ ಪಾಲು ಹಳೆಯ ಗಾಯಕನ ಈ ಗಿಟಾರಿಗೂ ಇದೆ.

ವ್ಯತ್ಯಾಸ ಕಿವಿಗೆ ಬೀಳಬೇಕೆಂದರೆ ‘ಸಿಕ್ಸ್ ಪ್ಯಾಕ್’ ಕೇಳಿ. 1981ರಲ್ಲೇ ಕಡೇನಾ ಹಾಡಿ ಬಿಡುಗಡೆಯಾಗಿದ್ದ ಹಾಡನ್ನು ಆಲ್ಬಂನಲ್ಲಿ ರೋಲಿನ್ಸ್ ಮತ್ತೆ ಹಾಡಿದ್ದಾರೆ. ಕುಡುಕನೊಬ್ಬನ ಬಡಾಯಿಯನ್ನು ಗೇಲಿ ಮಾಡುವ ಈ ಹಾಡಿಗೆ ಕಡೇನಾ ಅವರ ಒಡಕು ದನಿಯೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆಲ್ಬಂನ ಕೊನೆಯ ‘ಡ್ಯಾಮೇಜ್ಡ್ ಒಂದು’ ಮಾತ್ರ ಬೇರೆಯೇ ವಿಷಯ. ಅದನ್ನೂ ಕಡೇನಾ ಮೊದಲೇ ಹಾಡಿದ್ದರು. ಇಲ್ಲಿ ರೋಲಿನ್ಸ್ ನಿಧಾನಗತಿಯ ವಾದ್ಯಗಳ ಮೇಲೆ ತಮ್ಮದೇ ಮಾತುಗಳನ್ನು ಸ್ಥಳದಲ್ಲೇ ಹೊಸೆಯುತ್ತಾ ಬೊಬ್ಬಿಡುತ್ತಾರೆ. ಬಾಡಿಗೆಯ ಹಾಡನ್ನು ಸ್ವಂತ ಮಾಡಿಕೊಂಡದ್ದು ಅಲ್ಲಿ.

ಮುಖಪುಟದ ಪಾಲೂ ದೊಡ್ಡದು. ಒಡೆದ ಕನ್ನಡಿಯ ಮುಂದೆ ರಕ್ತಸಿಕ್ತ ಕೈಯೊಂದಿಗೆ ರೋಲಿನ್ಸ್ ನಿಂತಿದ್ದಾರೆ. ಕನ್ನಡಿಯನ್ನು ಒಡೆದದ್ದು ಸುತ್ತಿಗೆಯಿಂದ. ರಕ್ತವೆಂದರೆ ಕೆಂಪು ಶಾಯಿಗೆ ಕಾಫಿ ಬೆರೆಸಿದ್ದು. ಬಂದು ಕೆಲವೇ ತಿಂಗಳಾಗಿದ್ದ ಗಾಯಕನ ಮುಖ ಬ್ಯಾಂಡಿನ ಮುಖವಾಗಿಬಿಟ್ಟಿತು.

ಆಮೇಲೆ ವ್ಯಾಜ್ಯ. ವಿತರಣೆ ಮಾಡಬೇಕಿದ್ದ ಎಂಸಿಎ ಕಂಪನಿಯ ಅಧಿಕಾರಿಯೊಬ್ಬರು ಇದು ತಂದೆತಾಯಿಯರ ವಿರುದ್ಧದ ಆಲ್ಬಂ ಎಂದು ಹಿಂದೆ ಸರಿದರು. ಬ್ಯಾಂಡಿನವರು ಆ ಮಾತನ್ನೇ ಚೀಟಿಯಲ್ಲಿ ಅಚ್ಚುಹಾಕಿಸಿ ಕಂಪನಿಯ ಗುರುತಿನ ಮೇಲೆ ಅಂಟಿಸಿದರು. ಆಲ್ಬಂ ಹೊರತರಲು ಕೈಜೋಡಿಸಿದ್ದ ಯುನಿಕಾರ್ನ್ ಸಂಸ್ಥೆಯೊಂದಿಗಿನ ಮೊಕದ್ದಮೆಯಿಂದಾಗಿ ತಮ್ಮದೇ ಹೆಸರಿನಲ್ಲಿ ಹೊಸ ತಟ್ಟೆ ತರುವಂತಿರಲಿಲ್ಲ. ಆ ನಡುವೆ ಹಿಂದಿನ ಮೂವರ ಧ್ವನಿಮುದ್ರಣಗಳನ್ನು ‘ಎವ್ರಿಥಿಂಗ್ ವೆಂಟ್ ಬ್ಲ್ಯಾಕ್’ ಎಂಬ ಸಂಕಲನವಾಗಿ, ಬ್ಯಾಂಡಿನ ಹೆಸರಿಲ್ಲದೆ ಕಲಾವಿದರ ಹೆಸರುಗಳಷ್ಟನ್ನೇ ಹಾಕಿ ಹೊರತಂದರು. ಯುನಿಕಾರ್ನ್ ದಿವಾಳಿಯಾದ ಮೇಲಷ್ಟೇ ಬಿಡುಗಡೆ ಸಿಕ್ಕಿತು. 1986ರಲ್ಲಿ ಬ್ಯಾಂಡ್ ಒಡೆಯುವವರೆಗೂ ರೋಲಿನ್ಸ್ ಅವರೇ ಗಾಯಕರು. ಅಲ್ಲಿಯವರೆಗಿನ ಗಾಯಕರಲ್ಲಿ ಅಷ್ಟು ದೀರ್ಘಕಾಲ ಉಳಿದವರು ಇನ್ನೊಬ್ಬರಿಲ್ಲ.

ಆ ಸಂಕಲನವನ್ನು ಮೊದಲು ಕೇಳಿ, ‘ಡ್ಯಾಮೇಜ್ಡ್’ ಅನ್ನು ಆಮೇಲೆ. ಯಾರ ಪಕ್ಷ ಎಂಬುದನ್ನು ನೀವೇ ತೀರ್ಮಾನಿಸಬಹುದು.