ಮಾಲ್ಗುಡಿಯ ಹಿಂದಿದ್ದ ರಂಗಭೂಮಿ: ಶಂಕರ್ ನಾಗ್ ನಿರ್ದೇಶನದ ಹಾದಿ

ಬೆಂಗಳೂರಿನ ಆಟೋ ನಿಲ್ದಾಣಗಳಲ್ಲಿ ಇಂದಿಗೂ ಶಂಕರ್ ನಾಗ್ ಅವರ ಭಾವಚಿತ್ರ ಕಾಣಸಿಗುತ್ತದೆ. ಆದರೆ ಆ ಅಭಿಮಾನ ಬಹುಮಟ್ಟಿಗೆ ನಟನಿಗೆ ಸಂದದ್ದು. ನಿರ್ದೇಶಕನಿಗೆ ಸಲ್ಲಬೇಕಾದ ಗಮನ ಇನ್ನೂ ಪೂರ್ತಿಯಾಗಿ ಸಂದಿಲ್ಲ.

1954ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಅವರು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಮೂಲಕ ಕನ್ನಡಕ್ಕೆ ಬಂದರು. ಎರಡೇ ವರ್ಷಗಳಲ್ಲಿ, ಕಾರುಗಳ್ಳರ ಕಥೆಯ ‘ಮಿಂಚಿನ ಓಟ’ದಿಂದ ನಿರ್ದೇಶಕರಾದರು. ಆ ಬಳಿಕದ ‘ಗೀತಾ’ ಹಾಡುಗಳಿಂದ ಮನೆಮಾತಾಯಿತು. ‘ಆಕ್ಸಿಡೆಂಟ್’ ಮಾತ್ರ ಬೇರೆಯೇ ಜಾತಿಯದು: ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ಮಗನನ್ನು ರಾಜಕಾರಣಿ ತಂದೆ ರಕ್ಷಿಸಲು ಹೊರಡುವ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದಲ್ಲಿ ಅಷ್ಟು ನೇರವಾದ ಚಿತ್ರಗಳು ಕಡಿಮೆ.

ಜನಪ್ರಿಯ ನಾಯಕನಟರು ಕಿರುತೆರೆಯತ್ತ ತಲೆಹಾಕದಿದ್ದ ಕಾಲದಲ್ಲಿ ಅವರು ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಕೈಗೆತ್ತಿಕೊಂಡರು. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲದ ಊರು. ಅದನ್ನು ಸ್ಟುಡಿಯೋದೊಳಗೆ ಕಟ್ಟುವ ಬದಲು ಶಂಕರ್ ನಾಗ್ ಮಲೆನಾಡಿನ ಆಗುಂಬೆಗೆ ಹೋದರು. ಅಲ್ಲಿನ ದೊಡ್ಡಮನೆಯ ಜಗಲಿ, ಅಂಗಳ, ಕಂಬಗಳೇ ಕಥೆಗಳ ಬಾಲಕ ಸ್ವಾಮಿಯ ಮನೆಯಾದವು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ನಡುವೆ, ನಾರಾಯಣರ ಕಥೆಗಳಲ್ಲಿ ಬರುವ ಸರ್ ಫ್ರೆಡರಿಕ್ ಲಾಲಿಯ ಪ್ರತಿಮೆಯನ್ನು ನಿಲ್ಲಿಸಿದರು. ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಮಾಲ್ಗುಡಿಯ ರೈಲು ನಿಲ್ದಾಣವಾಯಿತು. ಸ್ವಾಮಿಯ ತಂದೆಯಾಗಿ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಇತರ ಪಾತ್ರಗಳಲ್ಲಿ ಅನಂತ್ ನಾಗ್, ರಮೇಶ್ ಭಟ್, ಅರುಂಧತಿ ನಾಗ್. ಹಿಂದಿಯಲ್ಲಿ ದೇಶವೆಲ್ಲ ನೋಡಿದ ಈ ಧಾರಾವಾಹಿಯ ಮುಖಗಳು ಬಹುಪಾಲು ಕನ್ನಡ ರಂಗಭೂಮಿಯವು, ಮಳೆ ಮಲೆನಾಡಿನದು.

ಕಿರುತೆರೆಯನ್ನು ಅವರ ವೃತ್ತಿಜೀವನದ ಒಂದು ಉಪಕಥೆ ಎಂದು ನೋಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅವರೂ ಅರುಂಧತಿಯವರೂ ಬೆಂಗಳೂರಿನಲ್ಲಿ ಕಟ್ಟಿದ ‘ಸಂಕೇತ್’ ತಂಡದ ಕೆಲಸದ ಕ್ರಮವೇ, ಅಂದರೆ ಪರಸ್ಪರ ಬಲ್ಲ ನಟರು ಚಿಕ್ಕ ಪಾತ್ರ, ದೊಡ್ಡ ಪಾತ್ರ ಎಂದು ಎಣಿಸದೆ ಒಂದು ಕಥೆಗಾಗಿ ಒಟ್ಟಾಗುವ ಕ್ರಮವೇ, ಆಗುಂಬೆಯಲ್ಲೂ ನಡೆಯಿತು. ನಾಯಕನಿಗೇ ಚೌಕಟ್ಟು ಮೀಸಲಾಗಿದ್ದ ಚಿತ್ರಮಂದಿರದ ಸಿನಿಮಾಕ್ಕಿಂತ, ಅಂಚೆಯವನೂ ಅಂಗಡಿಯವನೂ ಕಥಾನಾಯಕರಾಗಬಲ್ಲ ಈ ಕಂತುಗಳು ಅವರ ಸ್ವಭಾವಕ್ಕೆ ಹೆಚ್ಚು ಹತ್ತಿರವಾಗಿದ್ದವು.

ಧಾರಾವಾಹಿಯ ಯಶಸ್ಸಿನ ನಂತರವೂ ಅವರು ರಂಗಭೂಮಿಯನ್ನು ಬಿಡಲಿಲ್ಲ. 1989ರಲ್ಲಿ ಕಾರ್ನಾಡರ ‘ನಾಗಮಂಡಲ’ವನ್ನು ಸಂಕೇತ್ ತಂಡಕ್ಕಾಗಿ ನಿರ್ದೇಶಿಸಿದರು. ಮರುವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ನಡೆದ ಅಪಘಾತದಲ್ಲಿ, 35ನೇ ವಯಸ್ಸಿನಲ್ಲಿ, ತೀರಿಕೊಂಡರು. 2000ದ ದಶಕದಲ್ಲಿ ‘ಮಾಲ್ಗುಡಿ ಡೇಸ್’ನ ಹೊಸ ಕಂತುಗಳನ್ನು ಕವಿತಾ ಲಂಕೇಶ್ ನಿರ್ದೇಶಿಸಿದರು.