ಬಿಲ್ ಇಲ್ಲದ ಕ್ಯಾಮೆರಾ 20 ಸಾವಿರ ಕಡಿಮೆಗೆ ಸಿಗುತ್ತದೆ, ತಗೊಳ್ಳಲಾ?

ಪ್ರಶ್ನೆ: ಅಣ್ಣಾ, ನಾನು ಆಳಂದದಲ್ಲಿ ಮದುವೆ ಫೋಟೋ ತೆಗೆಯುತ್ತೇನೆ. ಕಲಬುರಗಿಯಲ್ಲಿ 1,18,000 ಹೇಳಿದ ಕ್ಯಾಮೆರಾ ಹೈದರಾಬಾದಿನಲ್ಲಿ 98,000ಕ್ಕೆ ಕೊಡ್ತೀವಿ ಅಂತಾರೆ. ಬಿಲ್ ಇಲ್ಲ, ಒಂದು ವರ್ಷ ಶಾಪ್ ವಾರಂಟಿ ಅಂತೆ. ತಗೊಳ್ಳಲಾ?

ಬೇಡ ತಮ್ಮಾ. ಹೊಟ್ಟೆಪಾಡಿಗೆ ಅಂತ ತಗೊಳ್ಳುವ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಆದರೆ ಖಂಡಿತ ಬೇಡ.

ಆ ಮಾಲು ನಕಲಿ ಇರಲಿಕ್ಕಿಲ್ಲ. ಬೇರೆ ದೇಶದ ಪೇಟೆಗೆ ಅಂತ ಹೋದ ಅಸಲಿ ಕ್ಯಾಮೆರಾ, ಕಂಪನಿಯ ಇಂಡಿಯಾ ಕಚೇರಿಯ ಕೈ ದಾಟದೆ ಇಲ್ಲಿಗೆ ಬಂದಿರುತ್ತದೆ. ಗ್ರೇ ಮಾರ್ಕೆಟ್ ಅನ್ನೋದು ಇದಕ್ಕೇ. ಡಿಜಿಟಲ್ ಕ್ಯಾಮೆರಾಕ್ಕೆ ಜಿಎಸ್‌ಟಿ ಶೇ 18. ಅಂದರೆ 1 ಲಕ್ಷದ ಮಾಲಿಗೆ 18,000. ನಿನಗೆ ಉಳಿಯುತ್ತದೆ ಅನ್ನುವ 20 ಸಾವಿರ ಹೆಚ್ಚುಕಡಿಮೆ ಇದೇ ಅಲ್ವಾ? ಸ್ಟುಡಿಯೋಗೆ ಜಿಎಸ್‌ಟಿ ನಂಬರ್ ಇದ್ದವರು ಪಕ್ಕಾ ಬಿಲ್ ಪಡೆದರೆ ಆ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಅವರಿಗೆ ಬಿಲ್ ಇಲ್ಲದ ಮಾಲಿನಿಂದ ಉಳಿಯುವುದು ಹೆಚ್ಚೇನೂ ಇಲ್ಲ.

ನಾನೂ ಒಮ್ಮೆ ಹಾಗೆ ತಂದಿದ್ದೆ. ಏಳು ತಿಂಗಳು ಚೆನ್ನಾಗಿ ನಡೆಯಿತು. ಚಿತ್ತಾಪುರದಲ್ಲಿ ಒಂದು ಮದುವೆ. ಅಕ್ಕಿಕಾಳು ಬೀಳುವ ಹೊತ್ತು. ಬಟನ್ ಒತ್ತಿದರೆ ಟಕ್ ಅನ್ನೋ ಸದ್ದು ಅರ್ಧಕ್ಕೇ ನಿಂತಿತು, ಪರದೆ ಮೇಲೆ ಎರರ್. ಲೆನ್ಸ್ ಬಿಚ್ಚಿ ನೋಡಿದರೆ ಶಟರ್‌ನ (ಬೆಳಕು ಒಳಗೆ ಬಿಡಲು ತೆರೆದು ಮುಚ್ಚುವ ಪರದೆ) ಒಂದು ತೆಳು ಪಟ್ಟಿ ಓರೆಯಾಗಿ ಸಿಕ್ಕಿಕೊಂಡಿದೆ. ಉಳಿದ ಮದುವೆಯನ್ನು ಗೆಳೆಯನ ಹಳೇ ಕ್ಯಾಮೆರಾದಲ್ಲಿ ಮುಗಿಸಿದೆ. ಆದರೆ ಆ ಅಕ್ಕಿಕಾಳಿನ ಫೋಟೋ ಹುಡುಗಿಯ ತಂದೆಗೆ ಕೊಡಲು ಆಗಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಸರ್ವಿಸ್ ಸೆಂಟರ್‌ನವರು ಸೀರಿಯಲ್ ನಂಬರ್ ಹಾಕಿ ನೋಡಿ, ಇದು ಇಂಡಿಯಾ ಪೀಸ್ ಅಲ್ಲ, ವಾರಂಟಿ ಬರೋದಿಲ್ಲ ಅಂದರು. ಮಾರಿದ ಅಂಗಡಿಯವನು "ಇಟ್ಟು ಹೋಗಿ, ಮಾಡಿಸಿ ಕೊಡ್ತೀನಿ" ಅಂದ. ಐದು ವಾರ ಹಿಡಿಯಿತು. ಲಗ್ನದ ದಿನಗಳಲ್ಲಿ ಐದು ವಾರ ಬಾಡಿಗೆ ಕ್ಯಾಮೆರಾದಲ್ಲಿ ದುಡಿದರೆ ಉಳಿದ ದುಡ್ಡೆಲ್ಲ ಅಲ್ಲಿಗೇ ಸರಿ. ಶಾಪ್ ವಾರಂಟಿ ಅಂದರೆ ಅಂಗಡಿಯವನ ಮಾತು, ಅಷ್ಟೇ. ಕೇಳಲು ಹೋದರೆ ಕೈಯಲ್ಲಿ ಕಾಗದ ಇರುವುದಿಲ್ಲ.

ಬಿಲ್ ಇದ್ದರೆ ಮಾತೇ ಬೇರೆ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಕ್ಯಾಮೆರಾ ಕೊಂಡವನನ್ನೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ಅಂತಲೇ ನೋಡುತ್ತದೆ. 5 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿಯ ಫೋನ್ ನಂಬರ್ 1915.

ಇನ್ನೊಂದು ತೊಡಕು. ಜಪಾನಿನ ಪೇಟೆಗೆ ಮಾಡಿದ ಹಲವು ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ. ಡಬ್ಬಿಯೊಳಗಿನ ಅಸಲಿ ಬ್ಯಾಟರಿ ತೆಗೆದು ಡೂಪ್ಲಿಕೇಟ್ ಇಡುವುದೂ ಉಂಟು.

ಪೂರ್ತಿ ಕೈಯಿಂದಲೇ ಫೋಕಸ್ ಮಾಡುವ ಲೆನ್ಸ್ ಆದರೆ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನುವುದಿಲ್ಲ. ಮೋಟಾರ್ ಇಲ್ಲ, ಕೆಡುವುದು ಕಡಿಮೆ. ದುಡ್ಡು ಸಾಲದಿದ್ದರೆ ಬಿಲ್ ಸಮೇತ ಸಿಗುವ ಸೆಕೆಂಡ್ ಹ್ಯಾಂಡ್ ಇಂಡಿಯಾ ಬಾಡಿ ನೋಡು. ಇದು ಎಷ್ಟೋ ವಾಸಿ.

ಎಲ್ಲಿ ಕೊಂಡರೂ ಡಬ್ಬಿಯನ್ನು ತಿರುಗಿಸಿ ನೋಡು. ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ಗ್ರಾಹಕ ಸೇವೆಯ ನಂಬರ್ ಇರುವ ಚೀಟಿ ಅಂಟಿರಬೇಕು. ಅದು ಕಾನೂನು. ಡಬ್ಬಿ, ಬಾಡಿಯ ತಳ, ಬಿಲ್, ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯಾ ನೋಡು. ಅಂಗಡಿಯಲ್ಲಿ ನಿಂತುಕೊಂಡೇ ಕಂಪನಿಗೆ ಫೋನ್ ಹಚ್ಚಿ ಆ ನಂಬರ್ ಓದಿ ಹೇಳು. ಅವರು ಹೌದು ಅಂದ ಮೇಲೆಯೇ ದುಡ್ಡು ಎಣಿಸು.